‘ಹಡಗು ಓಡಿಸು’ ಅನ್ನೋದಕ್ಕೆ ಇಂಗ್ಲಿಷಲ್ಲಿ ಯಾವ ಕ್ರಿಯಾಪದ ಸಹಜ? ಡ್ರೈವ್, ಸ್ಟೀರ್, ಸೇಲ್, ನ್ಯಾವಿಗೇಟ್?

ಸೀತಾಳೆದಂಡೆ
ಕನ್ನಡದ ಒಂದು ಸಣ್ಣ ಕಥೆಯನ್ನ ಇಂಗ್ಲಿಷಿಗೆ ತರ್ತಾ ಇದ್ದೀನಿ. ಕಾಲ 1980ರ ದಶಕ, ಜಾಗ ಪಣಂಬೂರು. ಸರಕು ಹಡಗೊಂದು ನವಮಂಗಳೂರು ಬಂದರಿಗೆ ಬರುವ ದೃಶ್ಯ. ನಾಲ್ಕೇ ಸಾಲು, ಆದ್ರೆ ಒಂದೊಂದರಲ್ಲೂ ಅನುಮಾನ:

“ಕತ್ತಲಾಗುವ ಹೊತ್ತಿಗೆ ಕ್ಯಾಪ್ಟನ್ ಹಡಗನ್ನು ಬಂದರಿನ ಕಡೆಗೆ ಓಡಿಸಿದ. ಹೊರಗಡೆಯೇ ಪೈಲಟ್ ಹತ್ತಿಕೊಂಡ. ಅವನು ಹೇಳಿದ ಹಾಗೆ ಹಡಗನ್ನು ಎಡಕ್ಕೆ ತಿರುಗಿಸಿದರು. ಹಡಗು ನಿಧಾನವಾಗಿ ಒಳಗೆ ಬಂದು ಧಕ್ಕೆಯಲ್ಲಿ ಲಂಗರು ಹಾಕಿತು.”

‘ದ ಕ್ಯಾಪ್ಟನ್ ಡ್ರೋವ್ ದ ಶಿಪ್ ಟುವರ್ಡ್ಸ್ ದ ಪೋರ್ಟ್’ ಅಂತ ಬರೆದರೆ ಲಾರಿ ಓಡಿಸಿದ ಹಾಗೆ ಕೇಳುತ್ತೆ. ‘ನ್ಯಾವಿಗೇಟೆಡ್’ ಅಂದರೆ ಪಠ್ಯಪುಸ್ತಕದ ವಾಸನೆ. ‘ಸೇಲ್ಡ್’ ಅನ್ನೋಣ ಅಂದ್ರೆ ಹಡಗಿಗೆ ಹಾಯಿಯೇ ಇಲ್ಲ. ಹಡಗಿನವರು ನಿಜವಾಗಿ ಏನಂತಾರೆ? ಇಂಗ್ಲಿಷ್ ಓದುಗರಿಗೆ ಎಡವದಂತೆ ಓದಿಸಿಕೊಂಡು ಹೋಗಬೇಕು, ಅಷ್ಟೇ.

ನಿಘಂಟುಪ್ರಿಯ
‘ನ್ಯಾವಿಗೇಟ್’ ಎಲ್ಲ ಕಡೆಗೂ ನಡೆಯುತ್ತೆ. ಲ್ಯಾಟಿನ್ನಿನಲ್ಲಿ ‘ನಾವಿಸ್’ ಅಂದರೆ ಹಡಗು, ‘ಅಗೆರೆ’ ಅಂದರೆ ನಡೆಸು. ಮೂಲದಲ್ಲೇ ‘ಹಡಗು ನಡೆಸು’ ಅಂತಿದೆ. ಇದಕ್ಕಿಂತ ಇನ್ನೇನು ಬೇಕು?

ಪಣಂಬೂರಿನವ
ಮೂಲ ಹಾಗಿರಬಹುದು ಸಾರ್, ಬಳಕೆ ಹಾಗಿಲ್ಲ. ಇವತ್ತು ಹಡಗಿನಲ್ಲಿ ‘ನ್ಯಾವಿಗೇಟ್’ ಅಂದರೆ ಮುಖ್ಯವಾಗಿ ಎಲ್ಲಿದ್ದೇವೆ, ಯಾವ ದಾರಿ ಹಿಡಿಯಬೇಕು, ಎಲ್ಲಿ ಆಳ ಕಮ್ಮಿ ಅಂತ ಲೆಕ್ಕ ಹಾಕುವ ಕೆಲಸ. ಚಾರ್ಟು, ದಿಕ್ಸೂಚಿ, ರೇಡಾರು, ದೀಪಸ್ತಂಭದ ಬೇರಿಂಗು ಎಲ್ಲ ಅದರೊಳಗೆ ಬಂತು. ಚಕ್ರ ತಿರುಗಿಸುವುದು ಅದಲ್ಲ.

ಕನ್ನಡದ ‘ಓಡಿಸು’, ‘ನಡೆಸು’ ಎರಡೂ ಅಗಲವಾದ ಕ್ರಿಯಾಪದಗಳು, ಸೈಕಲ್ಲಿನಿಂದ ವಿಮಾನದ ತನಕ ನಡೆಯುತ್ತವೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನ ಹಡಗಿನ ಮೇಲಿನ ಐದಾರು ಜನ ಹಂಚಿಕೊಂಡಿದ್ದಾರೆ, ಒಬ್ಬೊಬ್ಬರಿಗೆ ಒಂದೊಂದು ಮಾತು. ಚಕ್ರ ಹಿಡಿದವನು ‘ಸ್ಟೀರ್’ ಮಾಡ್ತಾನೆ, ಅವನು ಹೆಲ್ಮ್ಸ್‌ಮನ್. ಬ್ರಿಡ್ಜಿನಲ್ಲಿ, ಅಂದರೆ ಹಡಗು ನಡೆಸುವ ಮೇಲಿನ ಕೋಣೆಯಲ್ಲಿ, ನಿಂತು ಅವನಿಗೆ ಆಜ್ಞೆ ಕೊಡುವ ಅಧಿಕಾರಿ ‘ಕಾನ್’ ಮಾಡ್ತಾನೆ. ಆ ಹೊತ್ತಿಗೆ ಆಜ್ಞೆ ಯಾರದ್ದೋ ಅವರು ‘ಹ್ಯಾಸ್ ದ ಕಾನ್’. ಬಂದರಿನ ನೀರು ಗೊತ್ತಿರುವ ಸ್ಥಳೀಯ ತಜ್ಞ ‘ಪೈಲಟ್’ ಮಾಡ್ತಾನೆ. ಎಂಜಿನಿಯರು ಎಂಜಿನ್ನನ್ನ ‘ರನ್’ ಮಾಡ್ತಾನೆ. ಕ್ಯಾಪ್ಟನ್ ‘ಕಮಾಂಡ್ಸ್’. ಅವನು ಚಕ್ರ ಮುಟ್ಟುವುದೇ ಅಪರೂಪ. ಹಾಗಾಗಿ ‘ದ ಕ್ಯಾಪ್ಟನ್ ಸ್ಟಿಯರ್ಡ್ ದ ಶಿಪ್’ ಅಂತ ಬರೆದರೆ ದೊಡ್ಡ ಸರಕು ಹಡಗಿನ ಮಟ್ಟಿಗೆ ತಪ್ಪು ಚಿತ್ರ. ಮೊದಲು ಯಾರು ಮಾಡಿದರು ಅಂತ ನೋಡಿ, ಆಮೇಲೆ ಕ್ರಿಯಾಪದ ಆರಿಸಿ.

ಜಯನಗರದ ಹುಡುಗ
ಗುರು, ಅಮೆರಿಕದ ನೌಕಾಪಡೆಯವರು ‘ಶಿಪ್ ಡ್ರೈವರ್’ ಅಂತಾರಲ್ಲ? ‘ಡ್ರೈವ್’ ತಪ್ಪು ಅಂತ ಹೇಗೆ ಹೇಳ್ತೀರಿ?

ಪಣಂಬೂರಿನವ
ಅಂತಾರೆ. ಅದು ಅವರ ಅಧಿಕಾರಿಗಳು ತಮ್ಮೊಳಗೆ ಆಡುವ ಮಾತು, ಸಲಿಗೆಯದ್ದು. ವ್ಯಾಪಾರಿ ಹಡಗಿನ ಕಥೆಯಲ್ಲಿ, ಅದೂ ನಿರೂಪಕನ ಬಾಯಲ್ಲಿ, ಅದು ಕೂರಲ್ಲ. ಪಾತ್ರವೇ ಅಮೆರಿಕದ ನೌಕಾಧಿಕಾರಿ ಆಗಿದ್ದು ಮಾತಾಡ್ತಾ ಇದ್ದರೆ ಧಾರಾಳವಾಗಿ ಹಾಕಬಹುದು.

ಕರಡು ತಿದ್ದುವವಳು
ಇನ್ನೊಂದು ವಿಷಯ, ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ಕನ್ನಡದಲ್ಲಿ ಪ್ರೇರಣಾರ್ಥಕ ‘-ಇಸು’ ಸಲೀಸಾಗಿ ಬರುತ್ತೆ: ಓಡಿಸಿದ, ತಿರುಗಿಸಿದರು, ದಾಟಿಸಿದ. ‘ತಿರುಗಿಸಿದರು’ ಅಂದಾಗ ಯಾರು ಅಂತ ಹೇಳುವ ಗೋಜೂ ಇಲ್ಲ. ಸಮುದ್ರದ ಇಂಗ್ಲಿಷಿನಲ್ಲಿ ಹಾಗಲ್ಲ, ಹಡಗೇ ಕರ್ತೃ. ಮನುಷ್ಯನನ್ನ ಎಳೆದು ತರುವ ಅಗತ್ಯವೇ ಇರಲ್ಲ. ‘ದ ಶಿಪ್ ಮೇಡ್ ಫಾರ್ ದ ಹಾರ್ಬರ್’, ‘ಷಿ ಕೇಮ್ ರೌಂಡ್ ಟು ಪೋರ್ಟ್’, ‘ಷಿ ಕ್ರೆಪ್ಟ್ ಇನ್’. ‘ದೇ ಟರ್ನ್ಡ್ ದ ಶಿಪ್’ ಅಂತ ‘ದೇ’ ಹಾಕಿದ ಕ್ಷಣ ಅನುವಾದದ ಹೊಲಿಗೆ ಕಾಣುತ್ತೆ. ಅಕ್ಕ, ನಿಮ್ಮ ನಾಲ್ಕು ಸಾಲಲ್ಲಿ ಮೂರಕ್ಕಾದರೂ ‘-ಇಸು’ ಬಿಚ್ಚಿ ನೋಡಿ.

ಸೀತಾಳೆದಂಡೆ
ಇದು ಹೊಳೆದೇ ಇರಲಿಲ್ಲ. ಹಾಗಾದ್ರೆ ‘ಸೇಲ್’? ಡೀಸೆಲ್ ಹಡಗಿಗೆ ಹಾಕಬಹುದಾ?

ಹಾಯಿಪಟ
ಹಾಕಬಹುದು, ಧೈರ್ಯವಾಗಿ. ‘ದ ಶಿಪ್ ಸೇಲ್ಸ್ ಅಟ್ ಸಿಕ್ಸ್’ ಅಂದರೆ ಆರಕ್ಕೆ ಹೊರಡುತ್ತೆ, ಅಷ್ಟೇ. ಹಡಗಿನ ವೇಳಾಪಟ್ಟಿಗಳಲ್ಲಿ ಇವತ್ತಿಗೂ ‘ಸೇಲಿಂಗ್’ ಅಂತಲೇ ಇರೋದು. ‘ಸೆಟ್ ಸೇಲ್’ ಮಾತ್ರ ಬೇಡ ಅಂತ ನನ್ನ ಅಭಿಪ್ರಾಯ. ಅದರಲ್ಲಿ ಹಾಯಿ ಬಿಚ್ಚುವ ಚಿತ್ರ ಇನ್ನೂ ಸತ್ತಿಲ್ಲ.

ಆದರೆ ನಿಜವಾಗಿ ಹಾಯಿ ಹಡಗಿಗೇ ಮೀಸಲಾದ ಪದಗಳನ್ನ ಎಂಜಿನ್ ಹಡಗಿಗೆ ಹಚ್ಚಬೇಡಿ. ‘ಟ್ಯಾಕ್’ ಅಂದರೆ ಮೂತಿಯನ್ನ ಗಾಳಿಗೆ ಅಡ್ಡ ಹಾಯಿಸಿ ಇನ್ನೊಂದು ಬದಿಗೆ ತರೋದು. ‘ಜೈಬ್’ ಅಂದರೆ ಹಿಂಭಾಗವನ್ನ ಗಾಳಿಗೆ ಅಡ್ಡ ತರೋದು. ‘ಕಮ್ ಅಬೌಟ್’ ಕೂಡ ಟ್ಯಾಕ್ ಮಾಡೋದೇ. ಕಾದಂಬರಿಗಳಲ್ಲಿ ಕಂಡು ಕಂಡು ಟ್ಯಾಂಕರ್ ಹಡಗಿಗೂ ‘ಕೇಮ್ ಅಬೌಟ್’ ಅಂತ ಬರೀತಾರೆ. ಗೊತ್ತಿರುವವರು ಅಲ್ಲೇ ನಿಲ್ಲುತ್ತಾರೆ.

ನಿಘಂಟುಪ್ರಿಯ
ನಿಘಂಟುಗಳು ‘ಸೆಟ್ ಸೇಲ್’ಗೆ ‘ಸಮುದ್ರಯಾನ ಹೊರಡು’ ಅಂತಲೇ ಅರ್ಥ ಕೊಡುತ್ತವೆ. ಪತ್ರಿಕೆಗಳು ಕ್ರೂಸ್ ಹಡಗಿಗೂ ಬಳಸುತ್ತವೆ. ನೀವು ತುಂಬ ಬಿಗಿ ಮಾಡ್ತಾ ಇದ್ದೀರಿ.

ಹಾಯಿಪಟ
ತಪ್ಪು ಅಂತ ನಾನು ಹೇಳಿಲ್ಲ. ಸವೆದ ಪದ ಅಂತ ಹೇಳ್ತಿದ್ದೀನಿ. ‘ಸೇಲ್ಡ್’ ಅಂದರೆ ಸಾಕಾಗುವ ಕಡೆ ‘ಸೆಟ್ ಸೇಲ್’ ಯಾಕೆ?

ಪಣಂಬೂರಿನವ
ಎಲ್ಲಕ್ಕಿಂತ ಮೊದಲು ಆ ‘ಲಂಗರು’ ಸಾಲು ತಿದ್ದಿ. ಕನ್ನಡ ಪತ್ರಿಕೆಗಳಲ್ಲೂ ಇದು ದಿನಾ ಕಾಣುತ್ತೆ: ಧಕ್ಕೆಗೆ ಬಂದ ಹಡಗಿಗೂ ‘ಲಂಗರು ಹಾಕಿದೆ’, ಹೊರಸಮುದ್ರದಲ್ಲಿ ಸರದಿಗೆ ಕಾಯುವ ಹಡಗಿಗೂ ‘ಲಂಗರು ಹಾಕಿದೆ’. ಕನ್ನಡದಲ್ಲಿ ಅದು ಈಗ ‘ಬಂದು ನಿಂತಿತು’ ಅನ್ನೋ ಅರ್ಥಕ್ಕೆ ಹಿಗ್ಗಿದೆ. ಇಂಗ್ಲಿಷಿನಲ್ಲಿ ‘ಆ್ಯಂಕರ್ಡ್ ಅಟ್ ದ ವಾರ್ಫ್’ ಅಂತ ಬರೆದರೆ ಹಡಗಿನ ವಿಷಯ ಬಲ್ಲವನು ಮುಂದೆ ಓದಲ್ಲ. ಲಂಗರು ಅಂದರೆ ತಳಕ್ಕೆ ಕಬ್ಬಿಣ ಬಿಟ್ಟು ಸರಪಳಿಯ ಹಿಡಿತದಲ್ಲಿ ನಿಲ್ಲೋದು. ಧಕ್ಕೆಯಲ್ಲಿ ನಿಲ್ಲೋದು ಹಗ್ಗದಿಂದ. ಅದಕ್ಕೆ ‘ಬರ್ತ್ಡ್’, ‘ಮೂರ್ಡ್’, ‘ಕೇಮ್ ಅಲಾಂಗ್‌ಸೈಡ್’, ‘ಟೈಡ್ ಅಪ್’. ಕೊನೆಯದು ಆಡುಮಾತು. ಆ ಹಗ್ಗಕ್ಕೂ ‘ರೋಪ್’ ಅನ್ನಲ್ಲ, ‘ಲೈನ್’ ಅಂತಾರೆ: ಮುಂದೆ ಹೆಡ್ ಲೈನ್, ಹಿಂದೆ ಸ್ಟರ್ನ್ ಲೈನ್, ಓರೆಯಾಗಿ ಸ್ಪ್ರಿಂಗ್.

ನಿಜವಾಗಿ ಲಂಗರೇ ಹಾಕುವ ದೃಶ್ಯ ಇದ್ದರೆ ನಿರೂಪಣೆಯಲ್ಲಿ ‘ಡ್ರಾಪ್ಡ್ ಆ್ಯಂಕರ್’ ಸರಿ. ಆದರೆ ಆಜ್ಞೆ ಯಾವಾಗಲೂ ‘ಲೆಟ್ ಗೋ’. ಎತ್ತುವಾಗ ‘ಹೀವ್ ಅಪ್’. ‘ವೇ ಆ್ಯಂಕರ್’ ಸ್ವಲ್ಪ ಹಳೆಯದು, ಸಾಹಿತ್ಯಕ್ಕೆ ಒಪ್ಪುತ್ತೆ.

ಗಂಗೊಳ್ಳಿ ಕಡೆಯವ
ಮತ್ತೆ ಒಂದು ಎಂತ ಗೊತ್ತುಂಟಾ, ಪಣಂಬೂರಿನಂಥ ಬಂದರಲ್ಲಿ ದೊಡ್ಡ ಹಡಗು ತಾನಾಗಿ ಧಕ್ಕೆಗೆ ಬಂದು ನಿಲ್ಲುವುದಿಲ್ಲ ಮಾರಾಯ್ರೆ. ನೆಲ ಅಗೆದು ಮಾಡಿದ ಒಳಬಂದರು ಅದು. ಎರಡು ಬ್ರೇಕ್‌ವಾಟರಿನ (ಅಲೆ ತಡೆಯುವ ಕಲ್ಲುಗೋಡೆ) ನಡುವೆ ಬಂದು, ತಿರುಗುವ ಕೊಳದಲ್ಲಿ ಟಗ್ ದೋಣಿಗಳು ಅದನ್ನ ತಿರುಗಿಸಿ ಒತ್ತಿ ನಿಲ್ಲಿಸಬೇಕು. ‘ದ ಟಗ್ಸ್ ಸ್ವಂಗ್ ಹರ್ ಅಂಡ್ ಪುಷ್ಡ್ ಹರ್ ಅಲಾಂಗ್‌ಸೈಡ್’ ಅಂದ್ರೆ ದೃಶ್ಯ ಕಣ್ಣಿಗೆ ಕಟ್ಟುತ್ತದೆ.

ಜಯನಗರದ ಹುಡುಗ
ಪೈಲಟ್ ಅಂದ್ರೆ ಓದುಗರು ವಿಮಾನ ಅಂದ್ಕೊಳ್ಳಲ್ವಾ?

ನಿಘಂಟುಪ್ರಿಯ
ಇಂಗ್ಲಿಷ್ ಓದುಗರು ಅಂದ್ಕೊಳ್ಳಲ್ಲ. ಹಡಗಿನಿಂದಲೇ ವಿಮಾನಕ್ಕೆ ಹೋದ ಪದ ಅದು. ‘ರಡರ್’ (ಚುಕ್ಕಾಣಿ), ‘ಕಾಕ್‌ಪಿಟ್’, ‘ಕ್ಯಾಪ್ಟನ್’ ಎಲ್ಲ ಹಾಗೇ ಹೋದವು.

ಪಣಂಬೂರಿನವ
ಪೈಲಟ್ ಬಗ್ಗೆ ಎರಡು ಮಾತು. ಬರುವಾಗ ‘ಪಿಕ್ಡ್ ಅಪ್ ದ ಪೈಲಟ್’ ಅಥವಾ ‘ದ ಪೈಲಟ್ ಬೋರ್ಡೆಡ್’, ಹೋಗುವಾಗ ‘ಡ್ರಾಪ್ಡ್ ದ ಪೈಲಟ್’. ‘ಕ್ಲೈಂಬ್ಡ್’ ಬೇಕಾದರೆ ಹಗ್ಗದ ಏಣಿಯನ್ನೂ ತೋರಿಸಿ: ಮರದ ಮೆಟ್ಟಿಲು, ಎರಡು ಕಡೆ ಮನಿಲಾ ಹಗ್ಗ, ಕೆಳಗೆ ಅಲೆಯ ಮೇಲೆ ಏರಿಳಿಯುವ ಪೈಲಟ್ ದೋಣಿ. ಹತ್ತುವ ಎತ್ತರ 9 ಮೀಟರ್ ಮೀರಿದರೆ ಆ ಏಣಿಯೊಂದೇ ಸಾಲದು, ಹಡಗಿನ ಓರೆ ಏಣಿಯನ್ನೂ ಜೋಡಿಸಬೇಕು.

ಎರಡನೆಯದು, ಪೈಲಟ್ ಹತ್ತಿದ ಮಾತ್ರಕ್ಕೆ ಅವನು ‘ಟುಕ್ ಕಮಾಂಡ್’ ಅಲ್ಲ. ಕಮಾಂಡ್ ಮಾಸ್ಟರನದ್ದೇ, ಅಂದರೆ ಕ್ಯಾಪ್ಟನ್ನನದ್ದೇ. ಲಾಗ್ ಪುಸ್ತಕದಲ್ಲಿ ‘ಮಾಸ್ಟರ್ಸ್ ಆರ್ಡರ್ಸ್ ಅಂಡ್ ಪೈಲಟ್ಸ್ ಅಡ್ವೈಸ್’ ಅಂತ ಬರೆಯೋದು ಅದಕ್ಕೇ. ಪೈಲಟ್ ‘ಟುಕ್ ದ ಕಾನ್’ ಅಂತ ಬರೆಯಿರಿ. ಪನಾಮಾ ಕಾಲುವೆ ಬೇರೆ, ಅಲ್ಲಿ ಹಡಗಿನ ಚಲನೆಯ ಹಿಡಿತ ಪೈಲಟ್ ಕೈಗೇ ಹೋಗುತ್ತೆ.

ಕರಡು ತಿದ್ದುವವಳು
‘ಪೋರ್ಟ್’ ತೊಡಕು ಯಾರೂ ಹೇಳಲಿಲ್ಲ! ಬಂದರೂ ಪೋರ್ಟ್, ಹಡಗಿನ ಎಡವೂ ಪೋರ್ಟ್. ‘ಟುವರ್ಡ್ಸ್ ದ ಪೋರ್ಟ್’ ಅಂತ ಒಂದು ಸಾಲು, ಮುಂದಿನದರಲ್ಲೇ ‘ಟರ್ನ್ಡ್ ಟು ಪೋರ್ಟ್’. ಓದುಗ ಎರಡು ಸಲ ಓದಬೇಕು. ಬಂದರಿಗೆ ‘ಹಾರ್ಬರ್’ ಹಾಕಿ, ಎಡಕ್ಕೆ ‘ಪೋರ್ಟ್’ ಬಿಡಿ.

ನಿಘಂಟುಪ್ರಿಯ
ಎಡಕ್ಕೆ ಮೊದಲು ‘ಲಾರ್‌ಬೋರ್ಡ್’ ಅಂತಿತ್ತು. ಗಾಳಿಯಲ್ಲಿ ಕೂಗಿದರೆ ‘ಸ್ಟಾರ್‌ಬೋರ್ಡ್’ ಥರಾನೇ ಕೇಳ್ತಿತ್ತು. ಬ್ರಿಟಿಷ್ ನೌಕಾಪಡೆ 1844ರಲ್ಲಿ ಅದನ್ನ ಕೈಬಿಟ್ಟು ‘ಪೋರ್ಟ್’ ಖಾಯಂ ಮಾಡಿತು. ‘ಸ್ಟಾರ್‌ಬೋರ್ಡ್’ನಲ್ಲಿ ಇರೋದು ‘ಸ್ಟೀರ್’. ಹಿಂದೆ ಚುಕ್ಕಾಣಿಯ ಹುಟ್ಟು ಬಲಬದಿಯಲ್ಲಿ ಇರ್ತಿತ್ತು. ಆ ಬದಿಯನ್ನ ದಡಕ್ಕೆ ತಾಗಿಸಲು ಆಗಲ್ಲ, ಹಾಗಾಗಿ ಬಂದರಿಗೆ ಒಡ್ಡುವ ಬದಿ ಎಡ.

ಜಯನಗರದ ಹುಡುಗ
‘ಪಾಶ್’ ಪದ ಬಂದಿದ್ದೂ ಇದರಿಂದಲೇ ಅಲ್ವಾ? ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’. ಇಂಗ್ಲೆಂಡಿನಿಂದ ಭಾರತಕ್ಕೆ ಬರೋ ಸಾಹೇಬರ ಟಿಕೆಟ್ಟಿನಲ್ಲಿ ಮುದ್ರೆ ಒತ್ತಿರ್ತಿತ್ತಂತೆ.

ನಿಘಂಟುಪ್ರಿಯ
ಅಲ್ಲ. ಅಂಥ ಮುದ್ರೆ ಇರುವ ಟಿಕೆಟ್ ಒಂದೂ ಸಿಕ್ಕಿಲ್ಲ. ಕಟ್ಟುಕಥೆ.

ಸೀತಾಳೆದಂಡೆ
‘ಅವನು ಹೇಳಿದ ಹಾಗೆ ತಿರುಗಿಸಿದರು’ ಅನ್ನೋದನ್ನ ಸಂಭಾಷಣೆ ಮಾಡಿದ್ರೆ ಹೇಗೆ? ಬ್ರಿಡ್ಜಿನಲ್ಲಿ ಮಾತು ಹೇಗಿರುತ್ತೆ?

ಪಣಂಬೂರಿನವ
ಒಳ್ಳೇ ಯೋಚನೆ. ಮಾತು ಚಿಕ್ಕದು, ಅಳತೆಯದ್ದು. ಹೀಗೆ:

ಪೈಲಟ್: ಪೋರ್ಟ್ ಟೆನ್.
ಹೆಲ್ಮ್ಸ್‌ಮನ್: ಪೋರ್ಟ್ ಟೆನ್.
(ಚಕ್ರ ತಿರುಗಿಸಿ, ರಡರ್ ಸೂಚಕದ ಮುಳ್ಳು ಹತ್ತಕ್ಕೆ ಬಂದ ಮೇಲೆ)
ಹೆಲ್ಮ್ಸ್‌ಮನ್: ವೀಲ್ಸ್ ಪೋರ್ಟ್ ಟೆನ್, ಸರ್.
ಪೈಲಟ್: ಮಿಡ್‌ಶಿಪ್ಸ್.
ಹೆಲ್ಮ್ಸ್‌ಮನ್: ಮಿಡ್‌ಶಿಪ್ಸ್.
ಪೈಲಟ್: ಸ್ಟೆಡಿ.
ಹೆಲ್ಮ್ಸ್‌ಮನ್: ಸ್ಟೆಡಿ. ಸ್ಟೆಡಿ ಆನ್ ಜೀರೋ ಏಯ್ಟ್ ಫೈವ್, ಸರ್.

‘ಟೆನ್’ ಅಂದರೆ ರಡರು ಹತ್ತು ಡಿಗ್ರಿ, ಹಡಗು ಹತ್ತು ಡಿಗ್ರಿ ತಿರುಗಬೇಕು ಅಂತಲ್ಲ. ತುಂಬ ಜನ ಬರಹಗಾರರು ಎಡವೋದು ಇಲ್ಲೇ. ರಡರು ಆ ಕೋನದಲ್ಲಿ ಇರುವಷ್ಟು ಹೊತ್ತು ಹಡಗು ತಿರುಗ್ತಾನೇ ಇರುತ್ತೆ. ‘ಮಿಡ್‌ಶಿಪ್ಸ್’ ಅಂತ ಮಧ್ಯಕ್ಕೆ ತಂದರೂ ಮೈಭಾರಕ್ಕೆ ಸ್ವಲ್ಪ ತಿರುಗುತ್ತೆ. ಆ ತಿರುಗು ತಡೆಯೋಕೆ ಎದುರು ಚಕ್ರ ಕೊಡಬೇಕು, ಅದಕ್ಕೆ ‘ಮೀಟ್ ಹರ್’ ಅಂತ ಆಜ್ಞೆ. ಸಂಖ್ಯೆ ಹೇಳುವ ರೀತಿಯೂ ಬೇರೆ ಬೇರೆ. ದಿಕ್ಕನ್ನ ಮೂರು ಬಿಡಿ ಅಂಕಿಯಾಗಿ ಹೇಳ್ತಾರೆ, ಮುಂದಿನ ಸೊನ್ನೆಯನ್ನೂ ಬಿಡಲ್ಲ: ಜೀರೋ ಏಯ್ಟ್ ಫೈವ್. ರಡರ್ ಕೋನವನ್ನ ಮಾತ್ರ ಇಡಿಯಾಗಿ: ಫಿಫ್ಟೀನ್, ಟ್ವೆಂಟಿ. ಪೂರ್ತಿ ತಿರುಗಿಸೋದು ‘ಹಾರ್ಡ್-ಎ-ಪೋರ್ಟ್’, ಸಾಮಾನ್ಯವಾಗಿ 35 ಡಿಗ್ರಿ.

ದಿಕ್ಕಿನ ಅಂಕಿ ಬರೆಯುವಾಗ ನಕ್ಷೆ ಎದುರಿಗಿರಲಿ. ಪಡುವಣ ಕಡಲಿಂದ ಪಣಂಬೂರಿಗೆ ಬರುವ ಹಡಗಿನ ಮೂತಿ ಸರಿಸುಮಾರು ಮೂಡಣಕ್ಕಿರುತ್ತೆ. ಮೇಲಿನದು ಉದಾಹರಣೆ ಮಾತ್ರ, ಆದರೆ ‘ಟೂ ಸೆವೆನ್ ಜೀರೋ’ ಅಂತ ಹಾಕಿದರೆ ಹಡಗು ವಾಪಸ್ ಅರಬ್ಬಿ ಸಮುದ್ರಕ್ಕೆ ಹೊರಟ ಹಾಗಾಗುತ್ತೆ.

ಹಾಯಿಪಟ
ಕಥೆಯ ಕಾಲ 1980ರ ದಶಕ ಅನ್ನೋದನ್ನೂ ಮರೀಬೇಡಿ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಈಗಿನ ಪ್ರಮಾಣಿತ ನುಡಿಗಟ್ಟುಗಳು ಒಪ್ಪಿಗೆ ಆಗಿದ್ದು 2001ರಲ್ಲಿ. ಅದಕ್ಕೆ ಮೊದಲು 1977ರ ಪದಪಟ್ಟಿ ಇತ್ತು. ಚುಕ್ಕಾಣಿಯ ಆಜ್ಞೆಗಳು ಹೆಚ್ಚು ಬದಲಾಗಿಲ್ಲ, ಹಾಗಾಗಿ ಮೇಲಿನ ಮಾತುಕತೆ ನಡೆಯುತ್ತೆ. ಆದರೆ ಬ್ರಿಡ್ಜಿನ ಮೇಲೆ ಪರದೆ ನಕ್ಷೆ, ಜಿಪಿಎಸ್ಸು ಇಡಬೇಡಿ. ಕಾಗದದ ಚಾರ್ಟು, ಗೈರೋ ದಿಕ್ಸೂಚಿ, ರೇಡಾರು ಸಾಕು.

ಜಯನಗರದ ಹುಡುಗ
ಟೈಟಾನಿಕ್‌ನಲ್ಲಿ ‘ಹಾರ್ಡ್-ಎ-ಸ್ಟಾರ್‌ಬೋರ್ಡ್’ ಅಂದ್ರೂ ಹಡಗು ಎಡಕ್ಕೆ ತಿರುಗ್ತಲ್ಲ. ಹೆಲ್ಮ್ಸ್‌ಮನ್ ತಪ್ಪು ಮಾಡಿದ್ನಾ?

ಹಾಯಿಪಟ
ಇಲ್ಲ, ಸರಿಯಾಗಿಯೇ ಮಾಡಿದ. 1912ರಲ್ಲಿ ಆಜ್ಞೆ ಟಿಲ್ಲರಿಗೆ ಕೊಡುವ ಹಳೇ ಪದ್ಧತಿ ಇತ್ತು. ಟಿಲ್ಲರ್ ಅಂದರೆ ರಡರಿನ ತಲೆಗೆ ಜೋಡಿಸಿದ ಹಿಡಿಕೋಲು. ಅದನ್ನ ಬಲಕ್ಕೆ ತಳ್ಳಿದರೆ ರಡರು ಎಡಕ್ಕೆ, ಹಡಗೂ ಎಡಕ್ಕೆ. ಚಕ್ರ ಬಂದ ಮೇಲೂ ಮಾತು ಹಳೆಯದೇ ಉಳಿದಿತ್ತು. 1929ರ ಸೋಲಾಸ್ ಅನ್ನೋ ಅಂತರರಾಷ್ಟ್ರೀಯ ಕಡಲ ಸುರಕ್ಷತಾ ಒಪ್ಪಂದದ ನಂತರ, 1930ರ ದಶಕದಲ್ಲಿ ಬ್ರಿಟನ್, ಅಮೆರಿಕ ಎಲ್ಲ ಈಗಿನ ನೇರ ಪದ್ಧತಿಗೆ ಬಂದವು. ಅದಕ್ಕಿಂತ ಹಿಂದಿನ ಕಾಲದ ಕಥೆ ಅನುವಾದ ಮಾಡುವವರು ಆಜ್ಞೆಯನ್ನ ‘ಸರಿಪಡಿಸಲು’ ಹೋಗಬಾರದು.

ಪಣಂಬೂರಿನವ
ಆಜ್ಞೆಯನ್ನ ಹೆಲ್ಮ್ಸ್‌ಮನ್ ಯಾಕೆ ತಿರುಗಿ ಹೇಳ್ತಾನೆ ಅನ್ನೋದಕ್ಕೆ 2012ರ ಜನವರಿ 13ರ ಕೋಸ್ಟಾ ಕಾಂಕೋರ್ಡಿಯಾ ಕ್ರೂಸ್ ಹಡಗಿನ ಅಪಘಾತ ನೋಡಿ. ಕೊನೆ ಕ್ಷಣಗಳಲ್ಲಿ ಎಡಕ್ಕೆ ಅಂತ ಆಜ್ಞೆ ಬಂದಾಗ ಹೆಲ್ಮ್ಸ್‌ಮನ್ ಮೊದಲು ಬಲಕ್ಕೆ ತಿರುಗಿಸಿ ಆಮೇಲೆ ಸರಿಮಾಡಿದ. ಹಡಗು ಅಷ್ಟರಲ್ಲಾಗಲೇ ಬಂಡೆಗೆ ತೀರ ಹತ್ತಿರ ಹೋಗಿತ್ತು, ಅಪಘಾತಕ್ಕೆ ಅದೊಂದೇ ಕಾರಣ ಅಲ್ಲ. ಆದರೂ ನುಡಿಗಟ್ಟು ಯಾಕಿಷ್ಟು ಬಿಗಿ ಅಂತ ಗೊತ್ತಾಗುತ್ತೆ. ರೇಡಿಯೋದಲ್ಲಿ ‘ಮೇ ಐ ಎಂಟರ್ ದ ಫೇರ್‌ವೇ’ (ಫೇರ್‌ವೇ ಅಂದರೆ ಹಡಗು ಓಡಾಡುವ ಆಳದ ದಾರಿ) ಅಂತಲೂ ಕೇಳಬಾರದು. ‘ಮೇ’ ಅಂದರೆ ಅನುಮತಿಯೋ ಸಾಧ್ಯತೆಯೋ ಗೊತ್ತಾಗಲ್ಲ. ‘ಕ್ವೆಶ್ಚನ್: ಡು ಐ ಹ್ಯಾವ್ ಪರ್ಮಿಷನ್ ಟು ಎಂಟರ್ ದ ಫೇರ್‌ವೇ?’ ಅನ್ನಬೇಕು.

ಕರಡು ತಿದ್ದುವವಳು
ಅದು ರೇಡಿಯೋಗೆ ಸರಿ. ಕಥೆಯ ನಿರೂಪಣೆಯೂ ಹಾಗಾದರೆ ಕೈಪಿಡಿ ಓದಿದಂತೆ. ‘ದ ಶಿಪ್ ಆಲ್ಟರ್ಡ್ ಕೋರ್ಸ್ ಟು ಪೋರ್ಟ್’ ವೃತ್ತಿಯವರಿಗೆ ನಿಖರ, ಕಥೆಗೆ ಒಣಕಲು. ‘ಸ್ವಂಗ್’, ‘ಕೇಮ್ ರೌಂಡ್’ ಇದ್ದರೆ ಉಸಿರಿದೆ.

ಪಣಂಬೂರಿನವ
ಒಪ್ಪಿದೆ. ಆದರೆ ‘ವೀರ್ಡ್’ ಬೇಡ. ಸಾಮಾನ್ಯ ಓದುಗನಿಗೆ ಅದು ತಟಕ್ಕನೆ ಹೊರಳಿದ ಹಾಗೆ. ಬಂದರಿನ ದಾರಿಯಲ್ಲಿ ಹಡಗು ಹಾಗೆ ಹೊರಳಿದರೆ ಅಪಾಯ.

ಗಂಗೊಳ್ಳಿ ಕಡೆಯವ
ಮೀನಿನ ಬೋಟಿನ ಕಥೆಯಾದರೆ ಮಾತು ಬೇರೆ. ಅಲ್ಲಿ ತಾಂಡೇಲನೇ ಚಕ್ರ ಹಿಡಿಯುವುದು, ದಾರಿ ನೋಡುವುದು, ಬಲೆ ಎಲ್ಲಿ ಬಿಡಬೇಕು ಹೇಳುವುದು. ‘ಸ್ಟಿಯರ್ಡ್’ ಅವನಿಗೆ ಸರಿಯಾಗಿ ಕೂರುತ್ತದೆ. ಅವನಿಗೆ ‘ಕ್ಯಾಪ್ಟನ್’ ದೊಡ್ಡದಾಯಿತು, ‘ಸ್ಕಿಪ್ಪರ್’ ಸರಿ. ನನ್ನನ್ನ ಕೇಳಿದರೆ ‘ತಾಂಡೇಲ್’ ಅಂತಲೇ ಬಿಡಿ, ಎರಡನೇ ಸಲ ಬರುವಷ್ಟರಲ್ಲಿ ಓದುಗನಿಗೆ ಅರ್ಥ ಆಗುತ್ತದೆ.

ಮತ್ತೆ ‘ಅಳಿವೆ ದಾಟಿಸು’. ನದಿ ಕಡಲಿಗೆ ಸೇರುವಲ್ಲಿ ಮರಳು ದಿಬ್ಬ ಕಟ್ಟಿ ಆಳ ಕಮ್ಮಿಯಾಗಿ ಅಲೆ ಒಡೆಯುವ ಜಾಗ ಅದು. ಬೋಟು ಮಗುಚುವುದು ಹೆಚ್ಚಾಗಿ ಅಲ್ಲೇ. ಹಿಂದಿನಿಂದ ಅಲೆ ಎತ್ತಿದಾಗ ರಡರು ನೀರಿನ ಹಿಡಿತ ಬಿಡುತ್ತದೆ, ಬೋಟು ಅಡ್ಡ ತಿರುಗುತ್ತದೆ, ಮುಂದಿನ ಅಲೆ ಪಕ್ಕಕ್ಕೆ ಹೊಡೆಯುತ್ತದೆ. ಅಡ್ಡ ತಿರುಗುವುದಕ್ಕೆ ಇಂಗ್ಲಿಷಿನಲ್ಲಿ ‘ಬ್ರೋಚ್’. ಬರೇ ‘ಎಂಟರ್ಡ್ ದ ಎಸ್ಚುವರಿ’ ಅಂದರೆ ಈ ಭಯ ಒಂದೂ ಬರುವುದಿಲ್ಲ. ಅಳಿವೆಗೆ ಸರಿಯಾದ ಪದ ‘ಬಾರ್’. ‘ದ ತಾಂಡೇಲ್ ಬ್ರಾಟ್ ಹರ್ ಇನ್ ಓವರ್ ದ ಬಾರ್’ ಅಂತ ಬರೆಯಿರಿ.

ಹಾಯಿಪಟ
ಚೆನ್ನಾಗಿದೆ. ಒಂದು ಎಚ್ಚರಿಕೆ: ಮನುಷ್ಯನನ್ನೇ ಕರ್ತೃ ಮಾಡಿ ‘ಹಿ ಕ್ರಾಸ್ಡ್ ದ ಬಾರ್’ ಅಂತ ಒಂಟಿಯಾಗಿ ಬರೀಬೇಡಿ. ನಾವಿಕ ತೀರಿಕೊಂಡ ಅನ್ನೋದಕ್ಕೆ ಆ ಮಾತಿದೆ.

ಸೀತಾಳೆದಂಡೆ
‘ಷಿ’ ಅಂತಲೇ ಎಲ್ಲರೂ ಬರೀತಾ ಇದ್ದೀರಿ. ಈಗಲೂ ನಡೆಯುತ್ತಾ?

ನಿಘಂಟುಪ್ರಿಯ
ಹಡಗು ಸುದ್ದಿಯ ಹಳೇ ಪತ್ರಿಕೆ ‘ಲಾಯ್ಡ್ಸ್ ಲಿಸ್ಟ್’ 2002ರಲ್ಲೇ ‘ಇಟ್’ಗೆ ಹೋಯಿತು. ಇವತ್ತಿನ ವರದಿಗೆ ‘ಇಟ್’.

ಕರಡು ತಿದ್ದುವವಳು
1980ರ ದಶಕದ ಹಡಗಿನವರ ಕಣ್ಣಲ್ಲಿ ನಡೆಯುವ ಕಥೆಗೆ ‘ಷಿ’. ಒಂದು ಕಡೆ ‘ಇಟ್’, ಇನ್ನೊಂದು ಕಡೆ ‘ಷಿ’ ಆಗದಂತೆ ನೋಡಿಕೊಳ್ಳಿ, ಸಾಕು.

ಪಣಂಬೂರಿನವ
ಕಥೆಯಲ್ಲಿ ಮುಂದೆ ಬರಬಹುದಾದ ಇನ್ನೆರಡು. ‘ಅಂಡರ್‌ವೇ’ ಅಂದರೆ ಚಲಿಸ್ತಾ ಇದೆ ಅಂತಲ್ಲ. ಲಂಗರು ಹಾಕಿಲ್ಲ, ದಡಕ್ಕೆ ಕಟ್ಟಿಲ್ಲ, ತಳ ಕಚ್ಚಿಲ್ಲ ಅಂತ. ಎಂಜಿನ್ ನಿಲ್ಲಿಸಿ ತೇಲ್ತಾ ಇರುವ ಹಡಗೂ ನಿಯಮದ ಪ್ರಕಾರ ಅಂಡರ್‌ವೇ. ನೀರು ಸೀಳಿ ಹೋಗ್ತಿದ್ದರೆ ‘ಮೇಕಿಂಗ್ ವೇ’. ಇನ್ನು ‘ನಾಟ್ಸ್ ಪರ್ ಅವರ್’ ಬೇಡ. ನಾಟ್ ಅಂದರೇನೇ ಗಂಟೆಗೆ ಒಂದು ನಾಟಿಕಲ್ ಮೈಲಿ, 1852 ಮೀಟರ್.

‘ರಿವರ್ಸ್’ ಕೂಡ ಕಾರಿನದ್ದು. ಹಡಗು ‘ಗೋಸ್ ಅಸ್ಟರ್ನ್’. ಬ್ರೇಕು ಹಡಗಿಗಿಲ್ಲ, ಹಿಂಚಾಲನೆ ಕೊಟ್ಟು ‘ಟೇಕ್ ದ ವೇ ಆಫ್ ಹರ್’ ಮಾಡಬೇಕು. ವೇಗ ತೀರ ಇಳಿದರೆ ರಡರಿಗೆ ನೀರಿನ ಒತ್ತಡ ಸಾಲದೆ ಹಡಗು ಚಕ್ರದ ಮಾತು ಕೇಳಲ್ಲ, ಅದು ‘ಲಾಸ್ಟ್ ಸ್ಟೀರೇಜ್ ವೇ’.

ಸೀತಾಳೆದಂಡೆ
ಎಲ್ಲರಿಗೂ ನಮಸ್ಕಾರ. ಈಗ ಹೀಗೆ ಮಾಡಿದ್ದೀನಿ:

“ಆ್ಯಸ್ ನೈಟ್ ಫೆಲ್ ದ ಶಿಪ್ ಮೇಡ್ ಫಾರ್ ದ ಹಾರ್ಬರ್. ಷಿ ಪಿಕ್ಡ್ ಅಪ್ ಹರ್ ಪೈಲಟ್ ವೆಲ್ ಔಟ್‌ಸೈಡ್ ದ ಬ್ರೇಕ್‌ವಾಟರ್ಸ್. ‘ಪೋರ್ಟ್ ಟೆನ್,’ ಹಿ ಸೆಡ್, ಅಂಡ್ ಷಿ ಕೇಮ್ ರೌಂಡ್, ಕ್ರೆಪ್ಟ್ ಇನ್, ಅಂಡ್ ಬೈ ಏಯ್ಟ್ ದ ಟಗ್ಸ್ ಹ್ಯಾಡ್ ಹರ್ ಅಲಾಂಗ್‌ಸೈಡ್.”

ಕರಡು ತಿದ್ದುವವಳು
ಓಟ ಚೆನ್ನಾಗಿದೆ ಅಕ್ಕ. ಎರಡು ತಕರಾರು. ಮೂಲದಲ್ಲಿ ‘ಎಂಟು ಗಂಟೆ’ ಇಲ್ಲ, ತೆಗೀರಿ. ಮೂಲದಲ್ಲಿರೋ ಕ್ಯಾಪ್ಟನ್ ನಿಮ್ಮಲ್ಲಿ ಕಾಣೆಯಾಗಿದ್ದಾನೆ. ಮುಂದೆ ಕಥೆಗೆ ಅವನು ಬೇಕಲ್ಲ?

ಪಣಂಬೂರಿನವ
ಮೊದಲ ಸಾಲಿಗೆ ಅವನನ್ನೇ ತನ್ನಿ: ‘ದ ಕ್ಯಾಪ್ಟನ್ ಮೇಡ್ ಫಾರ್ ದ ಹಾರ್ಬರ್’. ‘ಮೇಡ್ ಫಾರ್’ಗೆ ಮನುಷ್ಯನೂ ಆಗುತ್ತೆ, ಹಡಗೂ ಆಗುತ್ತೆ. ಎರಡನೇ ಸಾಲಿನ ‘ಷಿ’ಯನ್ನ ಆಗ ‘ದ ಶಿಪ್’ ಮಾಡಿ, ಇಲ್ಲದಿದ್ದರೆ ಆ ‘ಷಿ’ ಯಾರು ಅಂತ ಗೊತ್ತಾಗಲ್ಲ.

ಗಂಗೊಳ್ಳಿ ಕಡೆಯವ
ಟಗ್ ದೋಣಿಯೂ ಮೂಲದಲ್ಲಿ ಇಲ್ಲ. ಬೇಕಾದರೆ ಇಡಿ, ಆದರೆ ಬರೆದವರನ್ನ ಒಂದು ಮಾತು ಕೇಳಿ.

ಸೀತಾಳೆದಂಡೆ
ಗಂಟೆ ತೆಗೆದೆ, ಕ್ಯಾಪ್ಟನ್ ವಾಪಸ್ ಬಂದ. ಟಗ್ ಬಗ್ಗೆ ಲೇಖಕರಿಗೆ ಈಗಲೇ ಬರೀತೀನಿ. ಅವರು ಬೇಡ ಅಂದ್ರೆ ‘ಅಂಡ್ ಕೇಮ್ ಅಲಾಂಗ್‌ಸೈಡ್’ ಅಂತ ಮುಗಿಸ್ತೀನಿ.